ದೂಜಣ್ಣನ ಐದು ಅಕ್ಷರ

ಕಾಯಿಲೆ ಬಿದ್ದ ಮನುಷ್ಯನನ್ನು ನಡುವೆ ಕೂರಿಸಿಕೊಂಡು ಮನೆಮಂದಿಯೆಲ್ಲ ಆಟವಾಡುವುದನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನಂತೂ ಕಂಡೆ. ದೂರ ಎಲ್ಲಿಯೋ ಅಲ್ಲ, ಜೋಗೇಶ್ವರಿಯ ನಮ್ಮದೇ ಬಿಲ್ಡಿಂಗಿನಲ್ಲಿ, ನನ್ನ ಎದುರು ಬಾಗಿಲಿನ ಮನೆಯಲ್ಲಿ. ಗಾಲಿಕುರ್ಚಿಯಲ್ಲಿ ದೂಜಣ್ಣ. ಅವರ ತೊಡೆಯ ಮೇಲೆ ಸ್ಟೀಲಿನ ಟ್ರೇ. ಟ್ರೇ ತುಂಬ ಬಿಳಿ ಪ್ಲಾಸ್ಟಿಕ್ಕಿನ ಇಂಗ್ಲಿಷ್ ಅಕ್ಷರಗಳು. ಸುತ್ತ ಸೋಫಾದ ಮೇಲೆ ಮಗ, ಸೊಸೆ, ಮೊಮ್ಮಗಳು, ನೋಡಲು ಬಂದ ನೆಂಟರು. ಎಲ್ಲರ ಕೈಯಲ್ಲೂ ಚಹಾ, ನಡುವೆ ಚಕ್ಕುಲಿಯ ತಟ್ಟೆ. ದೂಜಣ್ಣ ಎಡಗೈಯಿಂದ ಒಂದೊಂದೇ ಅಕ್ಷರ ಆರಿಸಿ ಇಡುತ್ತಿದ್ದಂತೆ ಮೊಮ್ಮಗಳು ಅವನ್ನು ಮೊಬೈಲಿಗೆ ಒತ್ತುವಳು. ಆ ಅಕ್ಷರಗಳೆಲ್ಲ ಸೇರಿರುವ ಇಂಗ್ಲಿಷ್ ಪದಗಳನ್ನು ಮೊಬೈಲು ಪಟಪಟನೆ ಉದುರಿಸುವುದು. ಇವರು ಒಬ್ಬರ ಮೇಲೊಬ್ಬರು ಬಿದ್ದು, ‘ಇದಾ ಅಜ್ಜಾ? ಇದಾ?’ ಎಂದು ಕೂಗುವರು. ಥೂ!

ನಾನು ಚನ್ನವ್ವ, ಧಾರವಾಡದವಳು. ಇಲ್ಲಿಯ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಬಿಲ್ಡಿಂಗಿನವರಿಗೆಲ್ಲ ನಾನು ಟೀಚರ್. ನನ್ನ ಬಾಯಿ ಚೊಲೋ ಇಲ್ಲವೆಂದು ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಈ ಕತೆ ಹೇಳುವುದಕ್ಕೆ ಮೆತ್ತನೆಯ ಬಾಯಿ ಸಾಲುವುದಿಲ್ಲ.

ದೂಜಣ್ಣ ಉಡುಪಿ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದವರು. ಹಗಲೆಲ್ಲ ಎಂಜಲು ತಟ್ಟೆ ತೊಳೆದು, ಸಂಜೆ ಕನ್ನಡದ ನೈಟ್ ಸ್ಕೂಲಿನ ಬೆಂಚಿನ ಮೇಲೆ ತೂಕಡಿಸುತ್ತ ಹೇಗೋ ನಾಲ್ಕಕ್ಷರ ಕಲಿತರು. ಆಮೇಲೆ ಸಪ್ಲೈ, ಆಮೇಲೆ ಗಲ್ಲಾ, ಕೊನೆಗೆ ಅಂಧೇರಿ ಸ್ಟೇಷನ್ನಿನ ಹತ್ತಿರ ಸ್ವಂತ ಹೋಟೆಲು. ದಪ್ಪ ಹುಬ್ಬು, ಅದಕ್ಕಿಂತ ದಪ್ಪ ಧ್ವನಿ, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಹಾಗಂತ ನಗೆ ಇಲ್ಲದ ಮನುಷ್ಯನಲ್ಲ. ನನ್ನನ್ನು ಮೆಟ್ಟಿಲ ಮೇಲೆ ಕಂಡರೆ ಸಾಕು, “ಎಂತ ಘಟ್ಟದ ಟೀಚರ್, ಇವತ್ತೂ ಜೋಳದ ರೊಟ್ಟಿಯಾ? ಮೀನಿನ ರುಚಿ ಈ ಜನ್ಮದಲ್ಲಿ ಗೊತ್ತಾಗ್ಲಿಕ್ಕಿಲ್ಲ ನಿಮಗೆ” ಎಂದು ಕೆಣಕುತ್ತಿದ್ದರು. “ನಿಮ್ಮ ಮೀನಿನ ನಾತಕ್ಕ ನಮ್ಮ ಮನೀ ದೇವರು ಊರು ಬಿಟ್ಟು ಹೋಗ್ಯಾವ್ರೀ ದೂಜಣ್ಣಾ” ಎಂದು ನಾನೂ ತಿರುಗಿ ಬೀಳುತ್ತಿದ್ದೆ. ಬಾಗಿಲು ಎದುರುಬದುರು ಇದ್ದ ಮೇಲೆ ಜಗಳವೂ ಒಂದು ನೆಂಟಸ್ತಿಕೆ.

ಅವರ ಹೋಟೆಲಿನ ಗೋಡೆಯಲ್ಲಿ ತಿಂಡಿಯ ಬೋರ್ಡೊಂದಿತ್ತು. ಕಪ್ಪು ಬೋರ್ಡು, ಅದರ ಸೀಳುಗಳಲ್ಲಿ ಸಿಕ್ಕಿಸುವ ಬಿಳಿ ಪ್ಲಾಸ್ಟಿಕ್ ಅಕ್ಷರಗಳು. ದಿನಾ ಬೆಳಿಗ್ಗೆ ಅಂದಿನ ತಿಂಡಿಗಳ ಹೆಸರನ್ನು ದೂಜಣ್ಣನೇ ಕುರ್ಚಿ ಹತ್ತಿ ಜೋಡಿಸಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ನಮ್ಮ ತಿಂಡಿಗಳಿಗೋ ಇಂಗ್ಲಿಷಿನಲ್ಲಿ ಬರೆಯಹೊರಟರೆ ಹೆಜ್ಜೆಗೊಂದು ‘ಎ’ ಬೇಕು. ಮಸಾಲಾ, ಸಾದಾ, ರವಾ, ವಡಾ, ಸಾಂಬಾರ್. ಅಕ್ಷರದ ಡಬ್ಬಿಯಲ್ಲಿ ಅಷ್ಟು ‘ಎ’ ಎಲ್ಲಿಂದ ಬರಬೇಕು? ಮೊದಲೆರಡು ಸಾಲು ಮುಗಿಯುವಷ್ಟರಲ್ಲೇ ಖಾಲಿ. ಅದಕ್ಕೇ ದೂಜಣ್ಣ ಕೆಳಗಿನ ಸಾಲುಗಳಲ್ಲಿ ‘ಎ’ ಬಿಟ್ಟೇ ಬರೆಯುವುದನ್ನು ರೂಢಿ ಮಾಡಿಕೊಂಡರು. ಜೋಡಿ ಅಕ್ಷರ ಬಂದರೆ ಒಂದನ್ನೇ ಹಾಕುವುದು. ಗಿರಾಕಿಗಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಯಾರೂ ತಡವರಿಸದೆ ಓದಿ ಆರ್ಡರು ಕೊಡುತ್ತಿದ್ದರು. ಹೊಸ ಅಕ್ಷರ ತರಿಸಿ ಎಂದರೆ, “ಹೊಟ್ಟೆಗೆ ತಿನ್ನುವುದು ದೋಸೆಯನ್ನಾ, ಎ ಯನ್ನಾ?” ಎಂದು ಗದರುವರು.

ಮಗಳು ಪ್ರಫುಲ್ಲಾ ನನ್ನ ಶಾಲೆಯಲ್ಲೇ ಓದಿದವಳು. ಮಗ ಧನರಾಜನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದರು, ಗಂಡುಮಗ ನೋಡಿ! ಮಗಳಿಗೆ ಮುನಿಸಿಪಾಲಿಟಿ ಸಾಕು. ಆದರೆ ಅಕ್ಷರದ ಡಬ್ಬಿಯನ್ನು ಮುಟ್ಟುವ ಅಧಿಕಾರ ಇದ್ದದ್ದು ಪ್ರಫುಲ್ಲಾಳಿಗೆ ಮಾತ್ರ. ರಜೆಯ ದಿನ ಅವಳು ಹೋಟೆಲಿಗೆ ಹೋದರೆ ಅಪ್ಪ ಬೋರ್ಡಿಗೆ ಬೇಕಾದದ್ದು ತೆಗೆದುಕೊಂಡು ಉಳಿದ ಅಕ್ಷರಗಳಲ್ಲಿ ಒಂದು ಮುಷ್ಟಿ ಅವಳ ಮುಂದೆ ಹಾಕುವರು. “ಇಷ್ಟೂ ಬರುವ ಹಾಗೆ ಒಂದು ಇಂಗ್ಲಿಷ್ ಶಬ್ದ ಹುಡುಕು ನೋಡುವ.” ಅವಳು ಗೋಡೆಯ ಕ್ಯಾಲೆಂಡರು, ಬಿಸ್ಕೀಟಿನ ಪೊಟ್ಟಣ, ರಸ್ತೆಯ ಅಂಗಡಿ ಬೋರ್ಡು ಎಲ್ಲದರ ಮೇಲೆ ಕಣ್ಣಾಡಿಸಿ ಹುಡುಕಿ ಹೇಳುವಳು. ಹೇಳಿದರೆ ಒಂದು ಗೋಳಿಬಜೆ. ಹೇಳದಿದ್ದರೂ ಒಂದು ಗೋಳಿಬಜೆ. ನಾನು ಕಣ್ಣಾರೆ ಕಂಡದ್ದು ಇದು, ಆಗ ದೂಜಣ್ಣನ ಮುಖದಲ್ಲಿದ್ದ ಬೆಳಕು ಗಲ್ಲಾಪೆಟ್ಟಿಗೆ ತುಂಬಿದಾಗಲೂ ಇರುತ್ತಿರಲಿಲ್ಲ.

ಅಂಥ ಮಗಳನ್ನು ಅದೇ ಅಪ್ಪ ಹೊರಗೆ ಹಾಕಿದರು. ದೂಜಣ್ಣ ದೇವರೇನಲ್ಲ, ಹೇಳಿಬಿಡುತ್ತೇನೆ. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಶರಣ ಎಂಬ ವಿಜಯಪುರದ ಹುಡುಗನನ್ನು ಅವಳು ಮೆಚ್ಚಿದಳು. ಅಪ್ಪನಿಗೆ ಮೊದಲು ಸುದ್ದಿ ಮುಟ್ಟಿಸಿದವನು ಅಣ್ಣ ಧನರಾಜ. ಇದ್ದದ್ದಕ್ಕೆ ಇಲ್ಲದ್ದೂ ಸೇರಿಸಿ, ಉಪ್ಪು ಖಾರ ಹಚ್ಚಿ ಹೇಳಿದ. ಜಾತಿ ಬೇರೆ, ಸಾಲದ್ದಕ್ಕೆ ನನ್ನ ಹಾಗೆ ಘಟ್ಟದ ಮೇಲಿನವನು. “ಇನ್ನು ಈ ಮನೆಯಲ್ಲಿ ಅವಳ ಹೆಸರು ಎತ್ತಿದವರ ನಾಲಿಗೆ ಸೀಳುತ್ತೇನೆ” ಎಂದು ದೂಜಣ್ಣ ಕೂಗಿದ್ದು ನನ್ನ ಅಡುಗೆಮನೆಯ ತನಕ ಕೇಳಿತು. ಅಂದಿನಿಂದ ಆ ಮನೆಗೆ ಒಬ್ಬನೇ ಮಗ. ಪ್ರಫುಲ್ಲಾಳ ತಾಯಿ ಆ ಹೆಸರನ್ನು ಬಾಯಲ್ಲೇ ಇಟ್ಟುಕೊಂಡು ತೀರಿಕೊಂಡಳು. ಆಮೇಲೆ ದೂಜಣ್ಣ ನನ್ನನ್ನು ಘಟ್ಟದ ಟೀಚರ್ ಎಂದು ಕೆಣಕುವುದನ್ನೂ ನಿಲ್ಲಿಸಿದರು.

ಹೋದ ವರ್ಷ ಗಲ್ಲಾದ ಮೇಲೆಯೇ ಅವರಿಗೆ ಲಕ್ವಾ ಹೊಡೆಯಿತು. ಬಲಭಾಗ ಹೋಯಿತು, ಮಾತು ಪೂರಾ ಹೋಯಿತು. ಆಸ್ಪತ್ರೆಯಿಂದ ಮನೆಗೆ ತರುವಷ್ಟರಲ್ಲಿ ಧನರಾಜ ಹೋಟೆಲನ್ನು ಕೆಫೆ ಮಾಡಲು ಹೊರಟಿದ್ದ. ಬೋರ್ಡು ಗುಜರಿಗೆ ಹೋಯಿತು, ಗೋಡೆಗೆ ಟೀವಿ ಪರದೆ ಬಂತು. ಅಕ್ಷರದ ಡಬ್ಬಿ ಮಾತ್ರ ಹೇಗೋ ಮನೆ ಸೇರಿತ್ತು. ಮಾತು ಕಲಿಸಲು ಬಂದ ಡಾಕ್ಟರಮ್ಮ, ಅವರಿಗೆ ಬುದ್ಧಿ ನೆಟ್ಟಗಿದೆ, ಹೇಳಬೇಕಾದದ್ದು ಮನಸ್ಸಿನಲ್ಲಿದೆ, ಚಿತ್ರವನ್ನೋ ಅಕ್ಷರವನ್ನೋ ಮುಂದಿಟ್ಟು ತೋರಿಸಲು ಬಿಡಿ ಎಂದಳು. ನಾನು ರಟ್ಟಿನ ಮೇಲೆ ದೊಡ್ಡದಾಗಿ ಕನ್ನಡ ವರ್ಣಮಾಲೆ ಬರೆದು ಕೊಟ್ಟೆ. ಸೊಸೆ ಲಾವಣ್ಯಾ ಅದನ್ನು ಎರಡು ಬೆರಳಿನಲ್ಲಿ ಹಿಡಿದು, “ಅಯ್ಯೋ ಟೀಚರ್, ಯಕ್ಷಿತಾಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಅಲ್ವಾ” ಎಂದಳು. ರಟ್ಟು ಫ್ರಿಜ್ಜಿನ ಹಿಂದೆ ಹೋಯಿತು. ಕಾಯಿಲೆ ಅಜ್ಜನಿಗೆ, ಅನುಕೂಲ ಮೊಮ್ಮಗಳಿಗೆ! ಹೀಗೆ ಬೋರ್ಡಿನ ಅಕ್ಷರಗಳು ಟ್ರೇಗೆ ಬಂದವು.

ಮೊದಲ ಸಂಜೆ ನಾನು ಅಲ್ಲೇ ಇದ್ದೆ. ದೂಜಣ್ಣನ ಎಡಗೈ ಟ್ರೇಯಲ್ಲಿ ತುಂಬ ಹೊತ್ತು ತಡಕಾಡಿತು. ಪಿ ಇಟ್ಟರು. ಆರ್ ಇಟ್ಟರು. ಎಫ್, ಯು, ಎಲ್. ಇಟ್ಟು ತಲೆ ಎತ್ತಿ ಮಗನ ಮುಖ ನೋಡಿದರು.

ಇದರಲ್ಲಿ ಒಡಪು ಏನಿದೆ ಹೇಳಿ! ಹಿಡಿ ಅನ್ನ ಉಣ್ಣುವ ಯಾರಿಗಾದರೂ ತಿಳಿಯಬೇಕು. ಪ್ರಫುಲ್ಲಾ. ‘ಎ’ ಇಲ್ಲ, ಜೋಡಿ ಎಲ್ ಇಲ್ಲ, ಬೋರ್ಡಿನ ರೂಢಿ. ಆ ಬೋರ್ಡನ್ನು ನೋಡುತ್ತಲೇ ಬೆಳೆದ ಧನರಾಜನಿಗೆ ತಿಳಿಯಲಿಲ್ಲವೇ? ತಿಳಿಯಿತು. ಅವನ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಅವನು ಹೆಂಡತಿಯನ್ನು ನೋಡಿದ, ಹೆಂಡತಿ ಅವನನ್ನು ನೋಡಿದಳು. “ಧನರಾಜ, ಇದು...” ಎಂದು ನಾನು ಬಾಯಿ ತೆರೆದೆ. “ಟೀಚರ್, ನಿಮ್ಮ ಚಾ ತಣ್ಣಗಾಯ್ತು” ಎಂದ. ಆಮೇಲೆ ಮಗಳ ಕಡೆ ತಿರುಗಿ, “ಯಕ್ಷೀ, ಮೊಬೈಲಲ್ಲಿ ಹಾಕು. ಈ ಲೆಟರ್ಸ್ ಇರುವ ವರ್ಡ್ಸ್ ಯಾವುದೆಲ್ಲ ಉಂಟು ನೋಡುವ” ಎಂದ.

ಯಕ್ಷಿತಾ ಕಾಲೇಜಿನ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ನಾಲಿಗೆ ಎಡವುತ್ತದೆ. ಅವಳು ಉತ್ಸಾಹದಿಂದ ಒತ್ತಿದಳು. “ಪವರ್‌ಫುಲ್! ಅಜ್ಜಾ, ಆಪ್ ಪವರ್‌ಫುಲ್ ಫೀಲ್ ಕರ್ ರಹೇ ಹೋ? ವಾವ್!” ಎಲ್ಲರೂ ಚಪ್ಪಾಳೆ ತಟ್ಟಿದರು. ದೂಜಣ್ಣ ಅಲ್ಲವೆಂದು ತಲೆಯಾಡಿಸಿದರು. ಮತ್ತೆ ಆಡಿಸಿದರು. ಅದನ್ನೂ ಮನೆಯವರು ಮೊಬೈಲಿನಲ್ಲಿ ವಿಡಿಯೋ ಹಿಡಿದರು.

ಧನರಾಜನಿಗೆ ಮಗಳೆದುರು ಹೇಳಲು ನಾಚಿಕೆಯಿರಬೇಕು, ಒಬ್ಬನೇ ಇದ್ದಾಗ ತಂಗಿಗೆ ಫೋನು ಮಾಡುತ್ತಾನೆ ಎಂದುಕೊಂಡೆ. ಎಲ್ಲಿಯ ಫೋನು! ಲಿಫ್ಟಿನಲ್ಲಿ ಸಿಕ್ಕಾಗ, “ಪ್ರಫುಲ್ಲಾಗ ಹೇಳಿದೇನಪಾ?” ಎಂದು ನೇರ ಕೇಳಿದೆ. “ನೋಡುವ ಟೀಚರ್, ನೋಡುವ” ಎಂದು ಲಿಫ್ಟಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ದಿನದ ಜಾತ್ರೆ. ಮುದುಕ ಪ್ರತಿ ಸಂಜೆ ಅದೇ ಐದು ಅಕ್ಷರ ಇಡುವುದು, ಇವರು ಪ್ರತಿ ಸಂಜೆ ಹೊಸ ಪದ ಹುಡುಕುವುದು. ಬಂದ ನೆಂಟರಿಗೂ ಪಾಳಿ. ಯಾರೋ ಒಬ್ಬ ಪರ್ಪಸ್‌ಫುಲ್ ಎಂದ, ಅಜ್ಜನಿಗೆ ಇನ್ನೂ ಬದುಕುವ ಉದ್ದೇಶವಿದೆ ಎಂದು ಅರ್ಥ ಹೇಳಿದ. ಅವನ ತಲೆ! ವಿಡಿಯೋಗಳು ಊರೆಲ್ಲ ಹರಿದಾಡಿದವು. ಕೊನೆಗೆ ‘ಪವರ್‌ಫುಲ್’ ಎಂದು ಎದೆಯ ಮೇಲೆ ಅಚ್ಚು ಹಾಕಿಸಿದ ಕಪ್ಪು ಟೀ ಶರ್ಟೊಂದು ಬಂತು. ಜನ್ಮವೆಲ್ಲ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟ ಮನುಷ್ಯ! ಒಂದು ಕೈ ಎತ್ತಲಾರದವರಿಗೆ ಅದನ್ನು ತಲೆಯಿಂದ ತುರುಕುವಾಗ ಅವರ ಕಿವಿ ಮಡಚಿ ಕೆಂಪಾಯಿತು. ಲಾವಣ್ಯಾ ಅವರ ಜೊಲ್ಲು ಒರೆಸಿ, ಪಕ್ಕದಲ್ಲಿ ನಿಂತು, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದು ಸೋಪು ಹಚ್ಚಿ ಕೈ ತೊಳೆದುಕೊಂಡೆ, ನಾನು ಏನನ್ನೂ ಮುಟ್ಟಿರಲಿಲ್ಲವಾದರೂ.

ಒಂದು ದಿನ ಮೊಬೈಲು ‘ಪ್ರೇಯರ್‌ಫುಲ್’ ಎಂಬ ಪದ ಕೊಟ್ಟಿತು. ಲಾವಣ್ಯಾ ಕುಣಿದಳು. “ಮಾವನಿಗೆ ಪೂಜೆ ಆಗ್ಬೇಕಂತೆ! ನನಗೆ ಮೊದಲೇ ಗೊತ್ತಿತ್ತು.” ಸತ್ಯನಾರಾಯಣ ಪೂಜೆ ಇಟ್ಟರು. ಸಂಘದವರು, ಕೆಫೆಯ ಪಾಲುದಾರರು, ಭಜನೆ ಮಂಡಳಿ, ಇಡೀ ಬಿಲ್ಡಿಂಗು. ದೂಜಣ್ಣನಿಗೆ ರೇಷ್ಮೆ ಶಾಲು ಹೊದಿಸಿ ಮಂಟಪದ ಪಕ್ಕ ಕೂರಿಸಿದ್ದರು. ಮಂಗಳಾರತಿಯ ಹೊತ್ತಿಗೆ ಅವರ ಕಣ್ಣಿಂದ ಧಾರೆ ಇಳಿಯಿತು. “ನೋಡಿ, ನೋಡಿ, ಭಕ್ತಿ!” ಎಂದು ಜನ ಕೈ ಮುಗಿದರು. ಮುದುಕ ಎಡಗೈಯಿಂದ ತೊಡೆಯ ಮೇಲೆ ಏನನ್ನೋ ತಡಕುತ್ತಿದ್ದರು. ಟ್ರೇ ಅಲ್ಲಿರಲಿಲ್ಲ, ಪೂಜೆಗೆ ಚೆಂದ ಕಾಣುವುದಿಲ್ಲವೆಂದು ಒಳಗಿಟ್ಟಿದ್ದರು.

ನನ್ನ ಮೈ ಉರಿದುಹೋಯಿತು. ಅಡುಗೆಮನೆಯಲ್ಲಿ ಪ್ರಸಾದದ ದೊನ್ನೆ ಹಿಡಿದು ನಿಂತಿದ್ದ ಧನರಾಜನನ್ನು ಹಿಡಿದೆ.

“ಏ ಧನರಾಜ, ನಾಚಿಕಿ ಆಗಂಗಿಲ್ಲೇನು ನಿನಗ? ನಿಮ್ಮಪ್ಪ ಏನ್ ಬೇಡಾಕತ್ತಾರ ಅಂತ ನಿನಗ ಗೊತ್ತದ. ಗೊತ್ತಿದ್ದೂ ಗೊತ್ತಿದ್ದೂ ಸತ್ಯನಾರಾಯಣನ್ನ ಕರಸ್ತಿ, ತಂಗೀನ್ನ ಕರಸಂಗಿಲ್ಲ?”

ಅವನು ದನಿ ತಗ್ಗಿಸಿದ. “ಟೀಚರ್, ಮೆಲ್ಲ. ಹೆಸರು ಎತ್ತಬಾರ್ದು ಅಂತ ಹೇಳಿದ್ದು ಯಾರು? ಅಪ್ಪನೇ ಅಲ್ವಾ? ನಾನು ಅವರ ಮಾತು ನಡೆಸ್ತಾ ಇದ್ದೇನೆ.”

“ಅವರ ಮಾತು ಈಗ ಟ್ರೇದಾಗ ಅದಪಾ.”

“ಅದು ಕಾಯಿಲೆಯಲ್ಲಿ ಆಡುವುದು. ನಾಳೆ ಅವಳು ಬಂದು ಕೂತ್ರೆ ಆಗ ಹಾಗಾಯ್ತು, ಯಾರು ಹೇಳಿದ್ದು, ಎಂತ ಹೇಳಿದ್ದು ಅಂತ ಹಳೇದೆಲ್ಲ ಏಳ್ತದೆ. ನಮಗೆ ಯಾಕೆ ಬೇಕು ಮಾರಾಯ್ರೆ?” ಎಂದು ದೊನ್ನೆಯ ಸಜ್ಜಿಗೆಯನ್ನು ಬಾಯಿಗೆ ಹಾಕಿಕೊಂಡ. ತುಟಿಯಂಚಿನಲ್ಲಿ ತುಪ್ಪ ಹೊಳೆಯುತ್ತಿತ್ತು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಎನ್ನುತ್ತಾರಲ್ಲ, ಇವನ ಬಾಯಲ್ಲಿ ದೇವರ ಪ್ರಸಾದವೇ ಇತ್ತು.

ಅಣ್ಣನೇ ಹೇಳಲಿ ಎಂದು ಇಷ್ಟು ದಿನ ಕಾದದ್ದೇ ನನ್ನ ತಪ್ಪು, ಮರುದಿನ ಬೆಳಿಗ್ಗೆಯೇ ಪ್ರಫುಲ್ಲಾಳಿಗೆ ಫೋನು ಹಚ್ಚಿದೆ. ಶಾಲೆ ಬಿಟ್ಟ ಮೇಲೂ ಯುಗಾದಿಗೊಮ್ಮೆ ನನಗೆ ಫೋನು ಮಾಡುವ ಹುಡುಗಿ ಅವಳು. ಹುಡುಗಿ ಎಂದೆ, ಈಗ ಅವಳಿಗೂ ಕೂದಲು ನರೆತಿದೆ. ನಾನು ಸುದ್ದಿ ಶುರುಮಾಡುವ ಮೊದಲೇ ಅವಳು ಅತ್ತಳು.

“ಗೊತ್ತು ಟೀಚರ್. ಊರಿನವರು ಯಾರೋ ವಿಡಿಯೋ ಕಳಿಸಿದ್ರು. ಟ್ರೇ ಕಂಡ ಕೂಡ್ಲೇ ಓದಿದೆ. ಬಂದಿದ್ದೆ ಟೀಚರ್, ಆಗ್ಲೇ ಬಂದಿದ್ದೆ. ಗೇಟಲ್ಲಿ ವಾಚ್‌ಮನ್ ಹೆಸರು ಹಾಕಿದ. ಮೇಲಿಂದ ನೋ ಅಂತ ಬಂತು. ಆಮೇಲೆ ಪೂಜೆ ದಿನ ಬಂದೆ. ಅವತ್ತೂ ನೋ. ಒಳಗಿಂದ ಭಜನೆ ಕೇಳ್ತಿತ್ತು.”

ನಮ್ಮ ಬಿಲ್ಡಿಂಗಿನಲ್ಲಿ ಈಗ ಹಾಗೊಂದು ವ್ಯವಸ್ಥೆ. ಬಂದವರ ಹೆಸರನ್ನು ಗೇಟಿನವನು ಮೊಬೈಲಿನಲ್ಲಿ ಹಾಕುತ್ತಾನೆ, ಮನೆಯವರು ಮೇಲೆ ಕೂತು ಹೂಂ ಅಥವಾ ಊಹೂಂ ಒತ್ತಬೇಕು. ಆ ಮನೆಯದು ಲಾವಣ್ಯಾಳ ಮೊಬೈಲು. ಮಂಗಳಾರತಿ ತಟ್ಟೆ ಹಿಡಿದ ಅದೇ ಕೈ ಊಹೂಂ ಒತ್ತಿದೆ! ಮಾವನ ಎದುರು ಕೂತು ‘ಏನು ಬೇಕು ಮಾವ, ಹೇಳಿ ಮಾವ’ ಎಂದು ಮುದ್ದುಗರೆಯುವ ಬಾಯಿ ಬೇರೆ. ಹೇಸಿಗೆಗೂ ಒಂದು ಮಿತಿ ಇರುತ್ತದೆಂದು ತಿಳಿದಿದ್ದೆ.

“ಅಳಬ್ಯಾಡ, ಹುಚ್ಚಿ. ಅವರ ಮನಿಗಿ ಬರಬ್ಯಾಡ. ನನ್ನ ಮನಿಗಿ ಬಾ. ನಾ ಹೂಂ ಅಂತೀನಿ. ಬಾಗಿಲಾ ಎದುರಾ ಎದುರ ಅವ” ಎಂದೆ.

ಭಾನುವಾರ ಸಂಜೆ ಬಂದಳು. ವಿಕ್ರೋಳಿಯಿಂದ ಬಸ್ಸು ಹಿಡಿದು, ಬೆವರಿ, ಕೈಯಲ್ಲೊಂದು ಬಟ್ಟೆಚೀಲ. ಒಂದು ಲೋಟ ನೀರು ಕುಡಿದಳು. ಎದುರು ಮನೆಯ ಬಾಗಿಲು ಎಂದಿನಂತೆ ತೆರೆದಿತ್ತು. ಒಳಗೆ ನಗು, ಕಪ್ಪುಬಸಿಗಳ ಸದ್ದು. ‘ಇವತ್ತು ನಮ್ಮ ಟರ್ನ್’ ಎಂದು ಯಾರೋ ಹೆಂಗಸು ಕೂಗುತ್ತಿದ್ದಳು. ನಾನು ಮುಂದೆ, ಪ್ರಫುಲ್ಲಾ ಹಿಂದೆ. ಅವಳ ಕಾಲು ಹೊಸ್ತಿಲಲ್ಲಿ ನಿಂತುಬಿಟ್ಟಿತು. ನಾನೇ ರಟ್ಟೆ ಹಿಡಿದು ಒಳಗೆ ತಂದೆ.

ಟ್ರೇಯಲ್ಲಿ ನಾಲ್ಕು ಅಕ್ಷರ ಇಟ್ಟಾಗಿತ್ತು. ಐದನೆಯದು ದೂಜಣ್ಣನ ಬೆರಳಲ್ಲಿತ್ತು.

“ಪಪ್ಪಾ, ಯಾನ್ ಬತ್ತೆ” ಎಂದಳು ಪ್ರಫುಲ್ಲಾ, ತುಳುವಿನಲ್ಲಿ. ಬಂದೆ ಅಪ್ಪಾ, ಅಷ್ಟೇ.

ದೂಜಣ್ಣ ತಲೆ ಎತ್ತಿದರು. ಅವರ ಗಂಟಲಿನಿಂದ ಹೊರಟ ಸದ್ದನ್ನು ನಾನು ಬರೆಯಲಾರೆ. ಎಡಗೈ ಬೀಸಿ ಟ್ರೇಯನ್ನು ತಳ್ಳಿದರು, ಅಕ್ಷರಗಳೆಲ್ಲ ಸೋಫಾದ ಕೆಳಗೆ, ಚಕ್ಕುಲಿ ತಟ್ಟೆಯೊಳಗೆ, ನೆಂಟರ ಕಾಲಬಳಿ ಚೆಲ್ಲಿಹೋದವು. ಅದೇ ಕೈಯಲ್ಲಿ ಮಗಳ ಮಣಿಕಟ್ಟು ಹಿಡಿದರು. ಅವಳು ಮಂಡಿಯೂರಿ ಅವರ ತೊಡೆಯ ಮೇಲೆ ಮುಖ ಇಟ್ಟಳು.

ಯಕ್ಷಿತಾಳ ಮೊಬೈಲು ಇನ್ನೂ ಎತ್ತಿಯೇ ಇತ್ತು. ನಿಧಾನಕ್ಕೆ ಕೆಳಗಿಳಿಯಿತು. “ಟೀಚರ್, ಇವರು... ಯಾರು?” ಎಂದಳು, ಕನ್ನಡದಲ್ಲಿಯೇ.

ಆಗ ನನಗೆ ತಿಳಿಯಿತು. ಆ ಹುಡುಗಿಗೆ ತನಗೊಬ್ಬ ಅತ್ತೆ ಇದ್ದಾಳೆಂದೇ ಯಾರೂ ಹೇಳಿರಲಿಲ್ಲ. ಮೊಬೈಲಿನಲ್ಲಿ ಜಗತ್ತಿನ ಪದಗಳನ್ನೆಲ್ಲ ಜಾಲಾಡಿದ್ದಳು, ಮನೆಯ ಹೆಸರೊಂದು ಅವಳಿಗೆ ಸಿಗುವುದು ಹೇಗೆ? ನಾನು ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಅಲ್ಲೇ ಬಿಟ್ಟೆ. ಅದೂ ಅವಳಪ್ಪನ ಲೆಕ್ಕಕ್ಕೇ ಹೋಗಲಿ.

“ನಿಮ್ಮ ಅತ್ತಿ. ಪ್ರಫುಲ್ಲಾ. ನಿಮ್ಮ ಅಜ್ಜ ದಿನಾ ಬರೀತಿದ್ದದ್ದು ಇಕೀ ಹೆಸರವಾ” ಎಂದೆ.

ಹುಡುಗಿ ತನ್ನ ಕಾಲಬಳಿ ಬಿದ್ದಿದ್ದ ಎಫ್ ಅನ್ನು ನೋಡಿದಳು, ಅಜ್ಜನನ್ನು ನೋಡಿದಳು, ಆಮೇಲೆ ತಂದೆಯ ಕಡೆ ತಿರುಗಿದಳು. “ಡ್ಯಾಡಿ, ಆಪ್‌ಕೋ ಪತಾ ಥಾ?” ನಿಮಗೆ ಗೊತ್ತಿತ್ತಾ ಎಂದು ಕೇಳಿದಳು.

ಧನರಾಜ ನೆಂಟರ ಮುಖಗಳ ಮೇಲೆ ಕಣ್ಣಾಡಿಸಿದ, ಗಂಟಲು ಸರಿಮಾಡಿಕೊಂಡ, ನಕ್ಕ.

“ನನ್ನ ತಂಗಿ. ಅಪ್ಪನಿಗೆ ಸರ್‌ಪ್ರೈಸ್ ಕೊಡುವ ಅಂತ ಇಟ್ಟಿದ್ದು. ಹೇಗಾಯ್ತು? ಬಾ ಪ್ರಫುಲ್ಲಾ, ಮೇಲೆ ಕೂತ್ಕೋ. ದಾರಿಯಲ್ಲಿ ಟ್ರಾಫಿಕ್ ಉಂಟಾ? ಲಾವಣ್ಯಾ, ಎಲ್ರಿಗೂ ಇನ್ನೊಂದು ಚಾ.”

ಸರ್‌ಪ್ರೈಸ್! ನೆಂಟರ ಉಸಿರು ಸಡಿಲಾಯಿತು. ‘ಅಯ್ಯೋ ಎಷ್ಟು ಚಂದ’ ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಯಕ್ಷಿತಾ ತಟ್ಟಲಿಲ್ಲ. ಅವಳು ಮೊಬೈಲನ್ನು ಸೋಫಾದ ಮೇಲೆ ಮಗುಚಿ ಹಾಕಿ, ಅಜ್ಜನ ಕುರ್ಚಿಯ ಇನ್ನೊಂದು ಪಕ್ಕ ನೆಲದ ಮೇಲೆ ಕೂತಳು.

ದೂಜಣ್ಣ ಮಗನನ್ನು ನೋಡಿದರು. ಆ ದಪ್ಪ ಹುಬ್ಬು ಎಂದಿನ ಸಿಟ್ಟಿನಲ್ಲಿ ಮೇಲೇರಿತು. ಆ ಸುಳ್ಳಿಗೆ ಉತ್ತರ ಕೊಡಲು ಅವರ ತೊಡೆಯ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ. ಹೆಕ್ಕಲು ಹೋಗಬೇಕಾದರೆ ಮಗಳ ಕೈ ಬಿಡಬೇಕು. ಅವರು ಬಿಡಲಿಲ್ಲ.

ಲಾವಣ್ಯಾ ನನ್ನ ಮುಂದೆ ಚಹಾ ಹಿಡಿದಳು, ಮೇಲೆ ಏಲಕ್ಕಿ ಪುಡಿ ಉದುರಿಸಿದ್ದಳು. ನಾನು ಕಪ್ಪನ್ನು ಮುಟ್ಟದೆ ಎದ್ದು ನನ್ನ ಮನೆಗೆ ಬಂದೆ. ಪ್ರಫುಲ್ಲಾಳಿಗೆ ರೊಟ್ಟಿ ಬಡಿಯಬೇಕಿತ್ತು.